ಬಾಣಬಿರುಸು ಸೇವೆಯೂ ಛಾಯಾಚಿತ್ರವೂ

(ಉತ್ಸವ ಸಮಿತಿಯ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಸೂಳಗಿರಿಯ ಪೇಟೆಬೀದಿಯಲ್ಲಿ ಒಂದು ಗಳಿಗೆ ನಿಂತರೆ ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ಕೊತ್ತಂಬರಿ ಸೊಪ್ಪಿನ ಕಟ್ಟಿನ ಬೆಲೆಯನ್ನು ಕನ್ನಡದಲ್ಲಿ ಕೇಳಿದರೆ ಉತ್ತರ ತೆಲುಗಿನಲ್ಲಿ ಬರುತ್ತದೆ, ಚಿಲ್ಲರೆಯನ್ನು ತಮಿಳಿನಲ್ಲಿ ಎಣಿಸಿ ಕೊಡುತ್ತಾರೆ. ಉತ್ಸವದ ರಾತ್ರಿ ಆಕಾಶಕ್ಕೆ ಹಾರುವ ಬೆಂಕಿಯ ಹೂವಿಗೂ ಇಲ್ಲಿ ಮೂರು ಹೆಸರು. ಕನ್ನಡದವರು ಬಾಣಬಿರುಸು ಎನ್ನುತ್ತಾರೆ, ತಮಿಳಿನವರು ವಾಣವೇಡಿಕ್ಕೈ ಎನ್ನುತ್ತಾರೆ, ತೆಲುಗಿನವರು ಬಾಣಸಂಚಾ ಎನ್ನುತ್ತಾರೆ. ಹೆಸರು ಬೇರೆಯಾದರೂ ಮೊದಲನೆಯ ಬಾಣ ಮೇಲೆದ್ದು ಅರಳಿದಾಗ ಜನರ ಬಾಯಿಂದ ಹೊರಡುವ ಉದ್ಗಾರ ಒಂದೇ. ಆ ಉದ್ಗಾರ ಮುಗಿಯುವುದರೊಳಗೆ ಬೆಳಕು ಆರಿ ಹೋಗಿರುತ್ತದೆ. ಹಾಗೆ ಆರಿ ಹೋಗುವುದನ್ನು ಹಿಡಿದಿಡಬೇಕೆಂಬ ಆಸೆ ಮನುಷ್ಯನಿಗೆ ಸಹಜ. ಈ ಹೊತ್ತಿನ ಮಾತು ಆ ಆಸೆಯ ಕುರಿತಾದದ್ದು.

ದೇವರ ಉತ್ಸವದಲ್ಲಿ ಬಾಣಬಿರುಸು ಹಾರಿಸುವುದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಅಲ್ಲಿಯ ಮಹಾನವಮಿ ಉತ್ಸವವನ್ನೂ ಅದರಲ್ಲಿ ಹಾರಿಸಿದ ಬಾಣಬಿರುಸುಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಸ್ ಕೂಡ ಮಹಾನವಮಿಯ ರಾತ್ರಿಗಳ ಬಾಣಬಿರುಸನ್ನು ವರ್ಣಿಸಿದ್ದಾನೆ. ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತಿಗೂ ಬಾಣಬಿರುಸಿಗೂ ಇದ್ದ ನಂಟು ಎಲ್ಲರಿಗೂ ತಿಳಿದದ್ದೇ. ತಮಿಳುನಾಡಿನಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬ ಇಬ್ಬರು ಬಂಧುಗಳು 1923ರಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಆ ಕಸುಬಿನ ಬೆನ್ನಿಗೇ ಅಲ್ಲಿ ಪಟಾಕಿಯ ಕೈಗಾರಿಕೆ ಬೆಳೆಯಿತು. ಅರಸರ ಉತ್ಸವಕ್ಕೆ ಸೀಮಿತವಾಗಿದ್ದ ವೈಭವ ಸಣ್ಣ ಊರಿನ ಜಾತ್ರೆಗೂ ಬಂದದ್ದು ಹೀಗೆ.

ಅಬ್ದುರ್ ರಜಾಕನ ಬಳಿ ಇದ್ದದ್ದು ಲೇಖನಿ ಮಾತ್ರ. ಇಂದು ಉತ್ಸವಕ್ಕೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ಫೋನು ಇದೆ. ಬಾಣ ಮೇಲೇರುತ್ತಿದ್ದಂತೆ ಸಾವಿರ ಕೈಗಳು ಮೇಲೇಳುತ್ತವೆ. ಮರುದಿನ ನೋಡಿದರೆ ಚಿತ್ರದಲ್ಲಿ ಬಿಳಿಯ ಮಸುಕು, ಹೊಗೆ, ಮುಂದೆ ನಿಂತವರ ತಲೆ, ಇಷ್ಟೇ. ಚಿತ್ರ ಚೆನ್ನಾಗಿ ಬರಲಿಲ್ಲವಲ್ಲ ಎಂದು ಮುಂದಿನ ವರ್ಷ ಹುಡುಗರು ಇನ್ನೂ ಹತ್ತಿರಕ್ಕೆ ಹೋಗುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಯೇ. ಒಳ್ಳೆಯ ಚಿತ್ರ ಬರಬೇಕಾದರೆ ಹತ್ತಿರ ಹೋಗಬೇಕೆಂಬುದು ತಪ್ಪು ತಿಳಿವಳಿಕೆ. ಚಿತ್ರದ ಶಾಸ್ತ್ರ ಏನು ಹೇಳುತ್ತದೆಯೋ ಸುರಕ್ಷತೆಯ ಶಾಸ್ತ್ರವೂ ಅದನ್ನೇ ಹೇಳುತ್ತದೆ. ದೂರ ನಿಲ್ಲು, ಅಲುಗಾಡದೆ ನಿಲ್ಲು, ಗಾಳಿ ನೋಡಿ ನಿಲ್ಲು. ಈ ಮೂರು ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

ಕಿಡಿಯ ರಂಗೋಲಿ

ಕ್ಯಾಮೆರಾ ಎಷ್ಟೇ ಬೆಲೆಬಾಳುವುದಿರಲಿ, ಅದರ ಒಳಗಿನ ಲೆಕ್ಕ ಸರಳವಾದದ್ದು. ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆದಿದೆ, ಎಷ್ಟು ಹೊತ್ತು ತೆರೆದಿದೆ ಎಂಬ ಎರಡನ್ನು ತೂಗಿ ನೋಡಬೇಕು. ಹಗಲಿನಲ್ಲಿ ಗೋಪುರದ ಚಿತ್ರ ತೆಗೆಯುವಾಗ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸಬೇಕು.

ಬಾಣಬಿರುಸಿನಲ್ಲಿ ಈ ತಕ್ಕಡಿ ಬೇರೆ ರೀತಿ ತೂಗುತ್ತದೆ. ಮನೆಯ ಮುಂದೆ ತಾಯಂದಿರು ರಂಗೋಲಿ ಎಳೆಯುವುದನ್ನು ನೆನಪಿಗೆ ತಂದುಕೊಂಡರೆ ವಿಷಯ ತಿಳಿಯಾಗುತ್ತದೆ. ಗೆರೆ ದಪ್ಪವೋ ತೆಳುವೋ ಎಂಬುದು ಬೆರಳುಗಳ ಸಂದು ಎಷ್ಟು ತೆರೆದಿದೆ ಎಂಬುದನ್ನು ಅವಲಂಬಿಸಿದೆ. ಅವರು ಎಷ್ಟು ಹೊತ್ತು ಕೂತು ಎಳೆದರು ಎಂಬುದರಿಂದ ಗೆರೆ ದಪ್ಪವಾಗುವುದಿಲ್ಲ, ಗೆರೆಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೇ. ಕೈ ಒಂದೇ ಕಡೆ ನಿಂತರೆ ಮಾತ್ರ ಹುಡಿ ಗುಡ್ಡೆ ಬೀಳುತ್ತದೆ. ಆಕಾಶದ ಕಿಡಿಯೂ ಓಡುವ ಕೈಯಂತೆಯೇ. ಅದು ಚಿತ್ರದ ಒಂದು ಚುಕ್ಕೆಯನ್ನು ಕ್ಷಣಮಾತ್ರ ಮುಟ್ಟಿ ಮುಂದಿನ ಚುಕ್ಕೆಗೆ ಹೋಗುತ್ತದೆ. ಷಟರು ಎರಡು ಸೆಕೆಂಡು ತೆರೆದಿರಲಿ, ಎಂಟು ಸೆಕೆಂಡು ತೆರೆದಿರಲಿ, ಕಿಡಿ ಎಳೆದ ಗೆರೆಯ ಪ್ರಕಾಶ ಅಷ್ಟೇ ಇರುತ್ತದೆ. ಅದನ್ನು ನಿರ್ಧರಿಸುವುದು ಕಿಂಡಿಯ ಅಗಲ. ಹೊತ್ತು ಹೆಚ್ಚಿದರೆ ಒಂದೇ ಚಿತ್ರದಲ್ಲಿ ಹೆಚ್ಚು ಹೂಗಳು ಅರಳುತ್ತವೆ, ಅಲುಗಾಡದೆ ನಿಂತಿರುವ ಗೋಪುರ ಮತ್ತಷ್ಟು ಬೆಳಗುತ್ತದೆ.

ಈ ತತ್ತ್ವ ತಿಳಿದವರಿಗೆ ಲೆಕ್ಕ ಸುಲಭ. ಫಿಲ್ಮಿನ ಕಾಲದಿಂದ ನಡೆದುಬಂದ ವಾಡಿಕೆ ಹೀಗಿದೆ. ಐಎಸ್‌ಒ 100 ಆದರೆ ಕಿಂಡಿ ಎಫ್ 8, ಐಎಸ್‌ಒ 200 ಆದರೆ ಎಫ್ 11, ಐಎಸ್‌ಒ 400 ಆದರೆ ಎಫ್ 16. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ 100ಕ್ಕೆ ಎಫ್ 8ರಿಂದ ಎಫ್ 11ರ ತನಕ ಇಟ್ಟುಕೊಂಡು, ಮೊದಲನೆಯ ಎರಡು ಚಿತ್ರ ನೋಡಿ ತಿದ್ದಿಕೊಳ್ಳಬಹುದು. ಹೂವಿನ ನಡುಭಾಗ ಬಣ್ಣವಿಲ್ಲದೆ ಬಿಳಿಚಿಕೊಂಡಿದ್ದರೆ ಕಿಂಡಿಯನ್ನು ಕಿರಿದು ಮಾಡಬೇಕು. ಷಟರಿನ ಹೊತ್ತು ಎರಡರಿಂದ ಎಂಟು ಸೆಕೆಂಡು ಸಾಕು. ಹಲವು ಕ್ಯಾಮೆರಾಗಳಲ್ಲಿ ಬಿ ಅಥವಾ ಬಲ್ಬ್ ಎಂಬ ಗುರುತು ಇರುತ್ತದೆ. ಬಹಳ ಹಿಂದೆ ರಬ್ಬರಿನ ಬುರುಡೆಯನ್ನು ಕೈಯಲ್ಲಿ ಅದುಮಿ ಗಾಳಿಯ ಒತ್ತಡದಿಂದ ಷಟರು ತೆರೆಯುತ್ತಿದ್ದರು, ಆ ಹೆಸರು ಉಳಿದುಕೊಂಡಿದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಷಟರು ತೆರೆದೇ ಇರುತ್ತದೆ. ಬಾಣ ನೆಲ ಬಿಡುವಾಗ ತೆರೆದು, ಹೂವು ಅರಳಿ ಕಿಡಿ ಇಳಿದು ಆರುವಾಗ ಮುಚ್ಚಿದರೆ ಇಡೀ ಪಯಣ ಒಂದು ಚಿತ್ರದಲ್ಲಿ ಬರುತ್ತದೆ.

ಹಳೆಯ ಸ್ಟುಡಿಯೋದವರು ಬಳಸುತ್ತಿದ್ದ ಇನ್ನೊಂದು ಉಪಾಯವೂ ಉಂಟು. ಷಟರನ್ನು ತೆರೆದಿಟ್ಟು ಲೆನ್ಸಿನ ಮುಂದೆ ಒಂದು ಕಪ್ಪು ರಟ್ಟು ಹಿಡಿಯುವುದು. ಬಾಣ ಅರಳುವಾಗ ರಟ್ಟನ್ನು ತೆಗೆಯುವುದು, ಆರಿದ ಕೂಡಲೇ ಮತ್ತೆ ಮುಚ್ಚುವುದು. ಹೀಗೆ ಮೂರು ನಾಲ್ಕು ಹೂಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಬಹುದು, ನಡುವಿನ ಹೊಗೆಯೂ ಬೀದಿದೀಪವೂ ಚಿತ್ರದೊಳಗೆ ಬರುವುದಿಲ್ಲ. ರಟ್ಟು ಲೆನ್ಸಿಗೆ ತಾಗಬಾರದು, ತಾಗಿದರೆ ಕ್ಯಾಮೆರಾ ಅಲುಗಾಡುತ್ತದೆ.

ಅಲುಗಾಡದಿರುವುದಕ್ಕೆ ಮುಕ್ಕಾಲಿ ಬೇಕು, ಗುಂಡಿ ಒತ್ತಲು ತಂತಿಯ ಅಥವಾ ರಿಮೋಟಿನ ವ್ಯವಸ್ಥೆ ಇದ್ದರೆ ಉತ್ತಮ. ಮುಕ್ಕಾಲಿ ಇಲ್ಲದವರು ಎರಡು ಕಿಲೋ ರಾಗಿ ತುಂಬಿದ ಬಟ್ಟೆಯ ಚೀಲವನ್ನು ಗೋಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾವನ್ನು ಒತ್ತಿ ಕೂರಿಸಿದರೆ ಕದಲದೆ ಕೂರುತ್ತದೆ. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಫೋಕಸ್ ಹುಡುಕಲು ಹೋಗಿ ತಡಕಾಡುತ್ತದೆ. ಅದಕ್ಕೆ ಮೊದಲೇ ದೂರದ ಯಾವುದಾದರೂ ದೀಪಕ್ಕೆ ಫೋಕಸ್ ಮಾಡಿ, ಬಳಿಕ ಅದನ್ನು ಕೈಯ ಹಿಡಿತಕ್ಕೆ ಬದಲಿಸಿ ಬಿಟ್ಟುಬಿಡಬೇಕು. ಫ್ಲ್ಯಾಷ್ ಬಳಸಲೇಬಾರದು. ಅದರ ಬೆಳಕು ನಾಲ್ಕಾರು ಮೀಟರಿನ ಆಚೆಗೆ ಹೋಗಿ ಏನನ್ನೂ ಬೆಳಗಲಾರದು. ಮುಂದಿನವರ ತಲೆ ಮತ್ತು ಹೊಗೆ ಬೆಳಗುತ್ತದೆ, ಪಕ್ಕದವರ ಕಣ್ಣು ಕೋರೈಸುತ್ತದೆ, ಉತ್ಸವದ ಎತ್ತುಗಳು ಬೆದರುತ್ತವೆ.

ಎಲ್ಲಿ ನಿಲ್ಲಬೇಕು

ಆಕಾಶದಲ್ಲಿ ದೊಡ್ಡ ಹೂವಾಗಿ ಅರಳುವುದನ್ನು ಶೆಲ್ ಎನ್ನುತ್ತಾರೆ. ಅದು ಕೊಳವೆಯಿಂದ ಹಾರುವ ಮದ್ದಿನ ಗುಂಡು. ಗುಂಡಿನ ವ್ಯಾಸದ ಒಂದೊಂದು ಅಂಗುಲಕ್ಕೆ ಸುಮಾರು 100 ಅಡಿ ಎತ್ತರ ಎಂಬುದು ಸ್ಥೂಲವಾದ ಲೆಕ್ಕ. ಅಂದರೆ ನಾಲ್ಕು ಅಂಗುಲದ ಗುಂಡು ಸುಮಾರು 400 ಅಡಿ, ಎಂದರೆ 120 ಮೀಟರು ಏರಿ ಒಡೆಯುತ್ತದೆ. ನೋಡುವವರು ಎಷ್ಟು ದೂರ ಇರಬೇಕೆಂಬುದಕ್ಕೆ ಅಮೆರಿಕದಲ್ಲಿ ಪಾಲಿಸುವ ಒಂದು ನಿಯಮವಿದೆ. ಒಂದು ಅಂಗುಲಕ್ಕೆ ಕಡಿಮೆ ಎಂದರೂ 70 ಅಡಿ. ನಾಲ್ಕು ಅಂಗುಲಕ್ಕೆ 280 ಅಡಿ, ಸುಮಾರು 85 ಮೀಟರು. ನಮ್ಮ ದೇಶದಲ್ಲಿ ಪರವಾನಗಿ ಕೊಡುವ ಅಧಿಕಾರಿಗಳೂ ಪೊಲೀಸಿನವರೂ ಗುರುತಿಸಿದ ಗಡಿ ಇದಕ್ಕಿಂತ ದೂರವಿದ್ದರೆ ಆ ಗಡಿಯೇ ಪ್ರಮಾಣ.

ಈಗ ಚಿತ್ರದ ಲೆಕ್ಕ ನೋಡಬಹುದು. ಒಬ್ಬ ಯುವಕ 50 ಮೀಟರು ದೂರದಲ್ಲಿ ನಿಂತಿದ್ದಾನೆ ಎಂದಿಟ್ಟುಕೊಳ್ಳೋಣ. 120 ಮೀಟರು ಎತ್ತರದ ಹೂವನ್ನು ನೋಡಲು ಅವನು ಕತ್ತನ್ನು ಅರುವತ್ತೇಳು ಡಿಗ್ರಿ ಮೇಲೆತ್ತಬೇಕು, ಎಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಅವನ ಚಿತ್ರದಲ್ಲಿ ಗೋಪುರವಿಲ್ಲ, ತೇರಿಲ್ಲ, ಊರಿಲ್ಲ. ಕಪ್ಪು ಆಕಾಶದಲ್ಲಿ ಅರ್ಧ ಕತ್ತರಿಸಿದ ಹೂವು ಮಾತ್ರ. ಅದು ಸೂಳಗಿರಿಯಲ್ಲಿ ತೆಗೆದದ್ದೋ ಸಿಂಗಪುರದಲ್ಲಿ ತೆಗೆದದ್ದೋ ಯಾರೂ ಹೇಳಲಾರರು. ಸಾಲದ್ದಕ್ಕೆ ಅವನು ಅಪಾಯದ ಗೆರೆಯ ಒಳಗೆ ನಿಂತಿದ್ದಾನೆ.

ಇನ್ನೊಬ್ಬ 300 ಮೀಟರು ದೂರದ ಒಂದು ಮಾಳಿಗೆಯ ಮೇಲೆ ನಿಂತಿದ್ದಾನೆ. ಅವನ ಬಳಿ ಸಾಧಾರಣವಾದ 50 ಮಿಲಿಮೀಟರಿನ ಲೆನ್ಸ್ ಇದೆ. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದರೆ 35 ಎಂಎಂ ಫಿಲ್ಮಿನ ಚೌಕಟ್ಟಿನ ಎತ್ತರ 36 ಮಿಲಿಮೀಟರು. ಮೂವತ್ತಾರನ್ನು ಐವತ್ತರಿಂದ ಭಾಗಿಸಿ ಮುನ್ನೂರರಿಂದ ಗುಣಿಸಿದರೆ 216 ಮೀಟರು ಬರುತ್ತದೆ. ಗೋಪುರದ ಬುಡದಿಂದ ಹೂವಿನ ತುದಿಯ ತನಕ ಎಲ್ಲವೂ ಆ ಚೌಕಟ್ಟಿನಲ್ಲಿ ಹಿಡಿಸುತ್ತದೆ. ಕೆಳಗೆ ಸಾಲುದೀಪದ ಗೋಪುರ, ಹಿಂದೆ ಬೆಟ್ಟದ ಅಂಚು, ಮೇಲೆ ಬಾಣದ ಹೂವು. ಇದು ಊರಿನ ಚಿತ್ರ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಬೇರೆ ಅರ್ಥದಲ್ಲಿ ಹೇಳುವುದು ವಾಡಿಕೆ. ಬಾಣಬಿರುಸಿನ ಮಟ್ಟಿಗೆ ಅದು ನೇರವಾಗಿಯೇ ಸತ್ಯ. ಮೊಬೈಲಿನ ಸಾಧಾರಣ ಲೆನ್ಸ್ ಇನ್ನೂ ಅಗಲವಾಗಿ ನೋಡುವುದರಿಂದ 150ರಿಂದ 200 ಮೀಟರು ದೂರ ಅದಕ್ಕೆ ಹೊಂದುತ್ತದೆ.

ದೂರವನ್ನು ಅಳೆಯಲು ಟೇಪು ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಬೆಳಕು ಕಂಡು ಒಂದು ಸೆಕೆಂಡಿನ ಬಳಿಕ ಶಬ್ದ ಕೇಳಿದರೆ ಹೂವು 340 ಮೀಟರು ದೂರದಲ್ಲಿದೆ ಎಂದರ್ಥ. ಬೆಳಕೂ ಶಬ್ದವೂ ಒಟ್ಟಿಗೇ ಬಂದು ಎದೆಗೆ ಬಡಿದರೆ ಮಕ್ಕಳ ಕೈ ಹಿಡಿದು ಹಿಂದಕ್ಕೆ ಸರಿಯಬೇಕು. ಇದನ್ನು ಮಕ್ಕಳಿಗೆ ಒಂದು ಆಟದಂತೆ ಕಲಿಸಬಹುದು.

ಗಾಳಿ ಮತ್ತು ಹೊಗೆ

ಬಾಣಬಿರುಸಿನ ಚಿತ್ರವನ್ನು ಕೆಡಿಸುವುದರಲ್ಲಿ ಹೊಗೆಯದೇ ಮೊದಲ ಸ್ಥಾನ. ಮೊದಲ ಕೆಲವು ನಿಮಿಷ ಆಕಾಶ ಶುಭ್ರವಾಗಿರುತ್ತದೆ, ಒಳ್ಳೆಯ ಚಿತ್ರಗಳು ಬರುವುದು ಆಗಲೇ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಹಚ್ಚುವ ಹೊತ್ತಿಗೆ ಹೊಗೆ ಕವಿದು ಆಕಾಶ ಬೂದಿಬಣ್ಣವಾಗಿರುತ್ತದೆ. ಆದುದರಿಂದ ಮೊದಲೇ ಸಿದ್ಧವಾಗಿ ನಿಂತಿರಬೇಕು. ಗಾಳಿಯ ದಿಕ್ಕು ತಿಳಿಯಲು ಒಂದು ಊದುಬತ್ತಿ ಹಚ್ಚಿದರೆ ಸಾಕು. ಗಾಳಿ ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬೀಸುವ ಕಡೆ ನಿಂತರೆ ಹೊಗೆ ಆಚೆ ಹೋಗುತ್ತದೆ. ಆರದ ಕಿಡಿ, ಸುಟ್ಟ ಕಡ್ಡಿ, ರಟ್ಟಿನ ಚೂರು ಇವೆಲ್ಲವೂ ಹೊಗೆಯ ಜೊತೆಗೆ ಅದೇ ದಿಕ್ಕಿಗೆ ಹೋಗಿ ಬೀಳುತ್ತವೆ. ಹೊಗೆ ಬಾರದ ಕಡೆ ಕಿಡಿಯೂ ಕಡಿಮೆ. ಉಬ್ಬಸವಿರುವ ಹಿರಿಯರನ್ನೂ ಎಳೆಮಕ್ಕಳನ್ನೂ ಕೂರಿಸಬೇಕಾದದ್ದು ಈ ಕಡೆಯೇ.

ಬೇಸಗೆಯ ಜಾತ್ರೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ, ಹೊಲಗಳ ಅಂಚಿನಲ್ಲಿ ಮೇವಿನ ಬಣವೆ ಇರುತ್ತದೆ. ಗಾಳಿ ಆ ಕಡೆಗಿದ್ದರೆ ಬಾಣ ಹಾರಿಸುವುದನ್ನು ತಡೆಹಿಡಿಯುವುದೇ ಲೇಸು. ರೈತನ ಬಣವೆ ಸುಟ್ಟು ಮಾಡಿದ ಸೇವೆಯನ್ನು ಯಾವ ದೇವರೂ ಒಪ್ಪಲಾರ.

ಬಣ್ಣಗಳ ಮೂಲ

ಬಣ್ಣ ಎಲ್ಲಿಂದ ಬರುತ್ತದೆಂದು ಮಕ್ಕಳು ಕೇಳುತ್ತಾರೆ. ಮದ್ದಿಗೆ ಬೆರೆಸಿದ ಲೋಹದ ಲವಣಗಳು ಉರಿಯುವಾಗ ತಮ್ಮ ತಮ್ಮ ಬಣ್ಣ ಕೊಡುತ್ತವೆ. ಸ್ಟ್ರಾನ್ಷಿಯಂ ಕೆಂಪು, ಸೋಡಿಯಂ ಹಳದಿ, ಬೇರಿಯಂ ಹಸಿರು, ತಾಮ್ರ ನೀಲಿ. ಅಲ್ಯೂಮಿನಿಯಂ, ಮೆಗ್ನೀಷಿಯಂ ಉರಿದರೆ ಬೆಳ್ಳಿಯಂಥ ಬಿಳುಪು. ಇದ್ದಿಲು, ಕಬ್ಬಿಣದ ಅರಪುಡಿ ಇದ್ದರೆ ಬಂಗಾರದ ಬಣ್ಣ. ಇವುಗಳಲ್ಲಿ ಒಳ್ಳೆಯ ನೀಲಿ ತರುವುದು ಮದ್ದಿನವರಿಗೆ ಬಹಳ ಕಷ್ಟದ ಕೆಲಸ. ತಾಮ್ರದ ಲವಣ ಹೆಚ್ಚು ಕಾವಿನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಚಿತ್ರದಲ್ಲಿಯೂ ಹಾಗೆಯೇ. ಕಿಂಡಿ ತುಸು ಹೆಚ್ಚು ತೆರೆದರೂ ನೀಲಿ ಬಿಳಿಯಾಗಿಬಿಡುತ್ತದೆ.

ಬೇರಿಯಂ ಲವಣದ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಪಟಾಕಿಗಳಲ್ಲಿ ಬೇರಿಯಂ ಬಳಸಬಾರದೆಂದು ಆಜ್ಞೆ ಮಾಡಿ, 2021ರಲ್ಲಿ ಮತ್ತೆ ಎಚ್ಚರಿಸಿತು. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಶಬ್ದದ ಪಟಾಕಿ ಹಾರಿಸಬಾರದೆಂದು 2005ರಲ್ಲೇ ಅದೇ ನ್ಯಾಯಾಲಯ ಹೇಳಿದೆ. ಕೊಳ್ಳುವಾಗ ಪರವಾನಗಿ ಇರುವ ಅಂಗಡಿಯಿಂದ, ರಸೀದಿ ಪಡೆದು, ಹೆಸರು ವಿಳಾಸ ಅಚ್ಚಾಗಿರುವ ಮಾಲನ್ನೇ ಕೊಳ್ಳಬೇಕು. ಹತ್ತು ರೂಪಾಯಿ ಉಳಿಸಲು ಹೋಗಿ ಗುರುತಿಲ್ಲದ ಮಾಲು ತಂದರೆ ಕೊನೆಗೆ ಅದರ ಬೆಲೆಯನ್ನು ತೆರುವವನು ಹಚ್ಚುವ ಕೈಯವನು.

ಮೊಬೈಲಿನವರಿಗೆ

ಬಹುಪಾಲು ಭಕ್ತರ ಕೈಯಲ್ಲಿರುವುದು ಮೊಬೈಲೇ ಆದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಸಾಕು. ಫ್ಲ್ಯಾಷನ್ನು ಮುಚ್ಚಿಡಬೇಕು. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಎಣ್ಣೆಗೈಯ ಗುರುತಿದ್ದರೆ ಪ್ರತಿ ದೀಪವೂ ಮಸುಕಾಗುತ್ತದೆ. ಬೆರಳಿನಿಂದ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್ ಸ್ಥಿರವಾಗುತ್ತದೆ, ಅಲ್ಲಿಂದ ಬೆರಳನ್ನು ಕೆಳಕ್ಕೆ ಎಳೆದರೆ ಬೆಳಕು ತಗ್ಗಿ ಬಣ್ಣ ಉಳಿಯುತ್ತದೆ. ಎಳೆದು ದೊಡ್ಡದು ಮಾಡುವ ಜೂಮ್ ಬೇಡ, ಅದು ಚಿತ್ರವನ್ನು ಹಿಗ್ಗಿಸಿ ಹಾಳು ಮಾಡುತ್ತದೆ. ನೈಟ್ ಮೋಡ್ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುವುದರಿಂದ ನಿಂತ ಗೋಪುರಕ್ಕೆ ಚೆನ್ನ, ಓಡುವ ಕಿಡಿಗೆ ಅಷ್ಟು ಹೊಂದದು. ಪ್ರೊ ಮೋಡ್ ಇರುವ ಫೋನುಗಳಲ್ಲಿ ಐಎಸ್‌ಒ 50 ಅಥವಾ 100, ಷಟರು ಎರಡರಿಂದ ನಾಲ್ಕು ಸೆಕೆಂಡು ಇಟ್ಟು, ಫೋನನ್ನು ಗೋಡೆಗೆ ಒರಗಿಸಿ ತೆಗೆದರೆ ದೊಡ್ಡ ಕ್ಯಾಮೆರಾದ ಚಿತ್ರಕ್ಕೆ ಸಮೀಪ ಬರುತ್ತದೆ.

ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಒಂದೊಂದಕ್ಕೂ ದುಡ್ಡು. ಆದ್ದರಿಂದ ಛಾಯಾಗ್ರಾಹಕ ಕಾದು, ನೋಡಿ, ಆಮೇಲೆ ತೆಗೆಯುತ್ತಿದ್ದ. ಇಂದು ಲೆಕ್ಕವಿಲ್ಲ, ಆದುದರಿಂದ ನೋಡುವುದೂ ಇಲ್ಲ. ಉತ್ಸವಮೂರ್ತಿ ಎದುರಿಗೆ ಬಂದಾಗಲೂ ಪರದೆಯ ಮೂಲಕವೇ ದರ್ಶನ. ಬಾಣಬಿರುಸು ಎಂಬುದು ಮೊದಲಿಗೆ ದೇವರಿಗೆ ಸಲ್ಲಿಸುವ ಸೇವೆ. ಅದನ್ನು ನೋಡಬೇಕಾದವನು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ದೇವರಿಗೂ ಬಾಣಕ್ಕೂ ನಡುವೆ ಫೋನು ಹಿಡಿದು ನಿಲ್ಲುವುದು ಸೇವೆಗೆ ಅಡ್ಡಿ. ಹತ್ತು ಚಿತ್ರ ತೆಗೆದು ಫೋನನ್ನು ಜೇಬಿಗಿಟ್ಟು, ಉಳಿದದ್ದನ್ನು ಕಣ್ಣಾರೆ ನೋಡಿದರೆ ಎರಡೂ ಸಂದಂತಾಗುತ್ತದೆ.

ಮರೆಯಬಾರದ ದಿನಗಳು

ಶುಭ ಸಂದರ್ಭದಲ್ಲಿ ಅಶುಭದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಆ ಮಾತನ್ನು ಹೇಳದಿದ್ದರೆ ಈ ಉಪನ್ಯಾಸಕ್ಕೆ ಅರ್ಥವಿಲ್ಲ. ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಾಲಯದಲ್ಲಿ 2016ರ ಏಪ್ರಿಲ್ 10ರ ನಸುಕಿನಲ್ಲಿ, ಬಾಣಬಿರುಸು ನಡೆಯುತ್ತಿದ್ದಾಗ ದಾಸ್ತಾನಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕನ್ನಡಿಗರೂ ನೆಲೆಸಿರುವ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ, ತೆಯ್ಯಂ ಉತ್ಸವದಲ್ಲಿ ಪಟಾಕಿಯ ಕಿಡಿ ದಾಸ್ತಾನಿನ ಕೋಣೆಗೆ ತಾಗಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಎರಡು ಕಡೆಯೂ ಜನ ಸೇರಿದ ಜಾಗದ ಬಳಿಯಲ್ಲೇ ಮದ್ದಿನ ದಾಸ್ತಾನು ಇತ್ತು ಎಂಬುದನ್ನು ಗಮನಿಸಬೇಕು.

ದೂರದ ಮಾತು ಬೇಡ. 2023ರ ಜುಲೈ 29ರಂದು ಕೃಷ್ಣಗಿರಿಯ ಪಳೆಯಪೇಟೆಯಲ್ಲಿ ಪಟಾಕಿ ಅಂಗಡಿಯಿದ್ದ ಕಡೆ ಸ್ಫೋಟವಾಗಿ ಒಂಬತ್ತು ಜನ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 7ರಂದು ಹೊಸೂರಿನ ಗಡಿಯಾಚೆ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರು ದೀಪಾವಳಿಯ ಹಂಗಾಮಿನಲ್ಲಿ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಓದುವ ಹುಡುಗರು. ಒಂದು ಊರು ಸೂಳಗಿರಿಯಿಂದ ಹೆದ್ದಾರಿಯಲ್ಲಿ ಕೆಳಗೆ, ಇನ್ನೊಂದು ಅದೇ ಹೆದ್ದಾರಿಯಲ್ಲಿ ಮೇಲೆ. ನಡುವೆ ಇರುವವರಿಗೆ ಇದು ಪತ್ರಿಕೆಯ ಸುದ್ದಿ ಮಾತ್ರವಲ್ಲ.

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರು ಬರುತ್ತಾರೆ. ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಅವರಲ್ಲಿ ಇರುತ್ತಾರೆ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬಾರದು, ಮನೆಮದ್ದು ಹಾಕಬಾರದು, ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಮೈ ಸುಟ್ಟರೆ ಶುದ್ಧವಾದ ತಣ್ಣೀರನ್ನು ಹತ್ತಿಪ್ಪತ್ತು ನಿಮಿಷ ಹರಿಯಬಿಡಬೇಕು. ಟೂತ್‌ಪೇಸ್ಟು, ಶಾಯಿ, ಎಣ್ಣೆ ಇವನ್ನು ಹಚ್ಚಬಾರದು.

ಸಮಿತಿಯವರು ಮಾಡಬಹುದಾದದ್ದು

ಬಾಣಬಿರುಸು ಬೇಕೋ ಬೇಡವೋ ಎಂಬ ಚರ್ಚೆ ಎಲ್ಲ ಊರುಗಳಲ್ಲೂ ಇದೆ. ಮೈಸೂರಿನ ದಸರೆಯಲ್ಲಿ ಈಚಿನ ವರ್ಷಗಳಲ್ಲಿ ಡ್ರೋನುಗಳ ಬೆಳಕಿನ ಪ್ರದರ್ಶನವೂ ಬಂದಿದೆ. ಕೆಲವು ಕಡೆ ಮದ್ದಿನ ಹಣವನ್ನು ಲಕ್ಷದೀಪಕ್ಕೆ ತಿರುಗಿಸಿದ್ದಾರೆ. ದೀಪೋತ್ಸವದ ಚಿತ್ರವೂ ಕಡಿಮೆ ಚೆಲುವಲ್ಲ, ಅದಕ್ಕೆ ಹೊಗೆಯ ಕಾಟವೂ ಇಲ್ಲ. ಅದು ಆಯಾ ಊರಿನ ಹಿರಿಯರು ಕೂತು ತೀರ್ಮಾನಿಸಬೇಕಾದ ವಿಷಯ. ಹಾರಿಸುವುದೆಂದು ತೀರ್ಮಾನವಾದರೆ ಮಾತ್ರ ಕೆಲವು ಕ್ರಮಗಳು ತಪ್ಪಬಾರದು.

ದಾಸ್ತಾನು ಜನರಿಂದಲೂ ಹಾರಿಸುವ ಜಾಗದಿಂದಲೂ ದೂರವಿರಬೇಕು. ಸುತ್ತ ಹಗ್ಗ ಕಟ್ಟಿ, ಒಳಗೆ ಮದ್ದಿನವರನ್ನು ಬಿಟ್ಟು ಮತ್ತಾರೂ ಹೋಗಬಾರದು. ಧರ್ಮದರ್ಶಿಗಳ ಮನೆಯ ಹುಡುಗನಾದರೂ ಸರಿ, ಪತ್ರಿಕೆಯವರಾದರೂ ಸರಿ. ನೀರಿನ ಟ್ಯಾಂಕರು, ಮರಳಿನ ಬಕೆಟ್ಟು ಹತ್ತಿರದಲ್ಲಿರಲಿ. ಹೊತ್ತಿಕೊಳ್ಳದೆ ಉಳಿದ ಬಾಣವನ್ನು ಬಗ್ಗಿ ನೋಡಬಾರದು, ಫೋನಿನ ದೀಪ ಹಾಕಿ ಹುಡುಕಬಾರದು. ಅದನ್ನು ನೀರು ಹಾಕಿ ತೆಗೆಯುವುದು ಮದ್ದಿನವರ ಕೆಲಸ. ಬಾಣ ಹಾರುವ ಆಕಾಶದಲ್ಲಿ ಯಾರೂ ಡ್ರೋನ್ ಹಾರಿಸಬಾರದು, ಕಿಡಿ ತಾಗಿ ಅದು ಜನರ ತಲೆಯ ಮೇಲೆ ಬಿದ್ದೀತು.

ಇವೆಲ್ಲಕ್ಕಿಂತ ಸುಲಭವಾದ ಒಂದು ಕೆಲಸ ಉಂಟು. ಗೋಪುರವೂ ಆಕಾಶವೂ ಒಟ್ಟಿಗೆ ಕಾಣುವ, ಗಾಳಿ ಅನುಕೂಲವಾದ, 300 ಮೀಟರು ದೂರದ ಒಂದು ಜಾಗವನ್ನು ಸಮಿತಿಯೇ ಹಗಲಲ್ಲಿ ನೋಡಿ ಗುರುತಿಸಿ, ಇದು ಚಿತ್ರ ತೆಗೆಯುವವರ ಜಾಗ ಎಂದು ಒಂದು ಬೋರ್ಡು ನಿಲ್ಲಿಸಬೇಕು. ಬೇಡ ಬೇಡ ಎಂದು ಗದರಿದರೆ ಹುಡುಗರು ಕೇಳುವುದಿಲ್ಲ. ಇಲ್ಲಿಂದ ಚಿತ್ರ ಚೆನ್ನಾಗಿ ಬರುತ್ತದೆ ಎಂದು ತೋರಿಸಿಕೊಟ್ಟರೆ ತಾವಾಗಿಯೇ ಬಂದು ನಿಲ್ಲುತ್ತಾರೆ.

ಚಿತ್ರಗಳನ್ನು ಉಳಿಸುವುದು

ತೆಗೆದ ಚಿತ್ರ ಉಳಿಯದಿದ್ದರೆ ತೆಗೆದೂ ಫಲವಿಲ್ಲ. ಫೋನು ಬದಲಾಗುತ್ತದೆ, ಚಿತ್ರಗಳು ಹೋಗುತ್ತವೆ. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ಕುಗ್ಗಿ ಬರುವುದರಿಂದ ಅಚ್ಚಿಗೆ ಒದಗುವುದಿಲ್ಲ. ಪ್ರತಿ ವರ್ಷ ಉತ್ಸವದ ಹತ್ತು ಒಳ್ಳೆಯ ಚಿತ್ರಗಳನ್ನು ಆರಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ವರ್ಷ, ತಿಥಿ, ತೆಗೆದವರ ಹೆಸರು, ಸೇವಾಕರ್ತರ ಹೆಸರು ಬರೆದು ದೇವಾಲಯದ ಬೀರುವಿನಲ್ಲಿಟ್ಟರೆ, ಇಪ್ಪತ್ತೈದು ವರ್ಷದ ಬಳಿಕ ಅದು ಊರಿನ ಚರಿತ್ರೆಯಾಗುತ್ತದೆ. ಯಾವ ಅಂಗಡಿ ಎಲ್ಲಿತ್ತು, ಯಾವ ಮರ ಎಷ್ಟು ಎತ್ತರವಿತ್ತು, ಯಾರು ತೇರಿನ ಹಗ್ಗ ಹಿಡಿದಿದ್ದರು ಎಂಬುದೆಲ್ಲ ಬಾಣದ ಬೆಳಕಿನಲ್ಲಿ ಚಿತ್ರದಲ್ಲಿ ಉಳಿದಿರುತ್ತದೆ.

ಕೊನೆಯದಾಗಿ ಇನ್ನೊಂದು ಚಿತ್ರದ ಮಾತು. ಬಾಣಬಿರುಸಿನ ಸಾವಿರ ಚಿತ್ರಗಳಲ್ಲಿ ಹುಡುಕಿದರೂ ಅದನ್ನು ಹಚ್ಚಿದವನು ಕಾಣುವುದಿಲ್ಲ. ಜನರೆಲ್ಲ ಮೇಲೆ ನೋಡುವಾಗ ಅವನು ಕತ್ತಲಲ್ಲಿ ಬಗ್ಗಿ ಓಡುತ್ತಿರುತ್ತಾನೆ. ಕೈಯಲ್ಲಿ ಉರಿಯುವ ಬತ್ತಿ, ಕಿವಿಯಲ್ಲಿ ಹತ್ತಿ, ಮೈಮೇಲೆ ಹಳೆಯ ಸುಟ್ಟ ಕಲೆ. ಮದ್ದು ಹಚ್ಚುವುದಕ್ಕೆ ಮುಂಚೆ, ಹಗಲಿನ ಬೆಳಕಿನಲ್ಲಿ, ಒಪ್ಪಿಗೆ ಕೇಳಿ, ಅವನದೂ ಅವನ ಜೊತೆಗಾರರದೂ ಒಂದು ಚಿತ್ರ ತೆಗೆಯಬೇಕು. ಆ ಚಿತ್ರದ ಒಂದು ಪ್ರತಿಯನ್ನು ಕೂಲಿಯ ಜೊತೆಗೆ ಅವರ ಕೈಗೆ ಕೊಟ್ಟು, ಇನ್ನೊಂದನ್ನು ದೇವಾಲಯದಲ್ಲಿ ಇಟ್ಟುಕೊಳ್ಳಬೇಕು. ಸೇವಾಕರ್ತರ ಪಟ್ಟಿಯಲ್ಲಿ ಅವರ ಹೆಸರೂ ಸೇರಬೇಕು.

ಮುಂದಿನ ಉತ್ಸವದಲ್ಲಿ ಬಾಣಗಳು ನೆಟ್ಟಗೆ ಏರಲಿ, ಕಿಡಿಗಳು ಆಕಾಶದಲ್ಲೇ ಆರಲಿ, ಹಚ್ಚಿದವರೂ ನೋಡಿದವರೂ ಚಿತ್ರ ತೆಗೆದವರೂ ಬಂದ ಹಾಗೆಯೇ ಕ್ಷೇಮವಾಗಿ ಮನೆ ಸೇರಲಿ ಎಂದು ಭಗವಂತನಲ್ಲಿ ಪ್ರಾರ್ಥನೆ.